ಅವಧಿ ಮುಗಿದ ಡೊಮೈನ್: ಕೊಳ್ಳುವ ಮುನ್ನ ಪೂರ್ವಾಪರ ತಿಳಿಯಿರಿ

ಅರಸೀಕೆರೆ ಎಂದೊಡನೆ ರಾಜ್ಯದ ಬಹುತೇಕರಿಗೆ ನೆನಪಾಗುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್. ಅದೇ ಹೆಸರಿನ ಇನ್ನೊಂದು ಊರು ಹರಪನಹಳ್ಳಿ ತಾಲ್ಲೂಕಿನಲ್ಲಿದೆ. ಈ ಎರಡನೆಯ ಅರಸೀಕೆರೆಯ ವರ್ತಕರೊಬ್ಬರು, ಹಿಂದಿನ ಒಡೆಯರು ನವೀಕರಿಸದೆ ಬಿಟ್ಟ, ಊರಿನ ಹೆಸರುಳ್ಳ ಡೊಮೈನ್ ಒಂದನ್ನು ಕೊಂಡರೆಂದು ಭಾವಿಸೋಣ. ಇತರ ತಾಣಗಳು ಆ ವಿಳಾಸಕ್ಕೆ ನೀಡಿದ್ದ ಕೊಂಡಿಗಳೆಲ್ಲವೂ ಹಾಸನದ ಊರನ್ನು ಕುರಿತವಾಗಿರಬಹುದು. ನಡುವೆ ಆ ಹೆಸರು ಜೂಜಿನ ತಾಣವೊಂದರ ವಶದಲ್ಲಿದ್ದಿರಲೂಬಹುದು. ಹೆಸರಿನೊಡನೆ ಅದರ ಚರಿತ್ರೆಯೂ ಕೊಂಡವರ ಪಾಲಿಗೆ ಬರುತ್ತದೆ.

ಈ ಭಾಗದಲ್ಲಿ ಹಳೆಯ ವಿಳಾಸಗಳು ಬದಲಾಗಲು ಕಾರಣಗಳಿಗೆ ಕೊರತೆಯಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ ತಾಲ್ಲೂಕು ಬಳಿಕ ಬಳ್ಳಾರಿಗೆ ಮರಳಿ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಭಾಗವಾಯಿತು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೇ 2014ರ ನವೆಂಬರ್ 1ರಂದು ಬದಲಾಯಿತು. ಜಮೀನು ಕೊಳ್ಳುವಾಗ ಪಹಣಿ ನೋಡಿ, ಋಣಭಾರ ಪ್ರಮಾಣಪತ್ರ ತೆಗೆಸುವ ಎಚ್ಚರಿಕೆ ಇಂತಹ ಹೆಸರುಗಳ ಖರೀದಿಯಲ್ಲಿಯೂ ಅಗತ್ಯ.

ಬಿಡುಗಡೆಯ ಹಂತಗಳು

ಡೊಮೈನ್ ಯಾರಿಗೂ ಶಾಶ್ವತ ಆಸ್ತಿಯಲ್ಲ. ನಿಗದಿತ ಅವಧಿಗೆ ನೋಂದಾಯಿಸಿಕೊಂಡ ಹಕ್ಕು ಮಾತ್ರ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಬಳಿಕ ನೋಂದಣಿ ಸಂಸ್ಥೆಯು 45 ದಿನಗಳವರೆಗೆ ಅದನ್ನು ಉಳಿಸಿಕೊಳ್ಳಬಹುದು. ರದ್ದಾದ ನಂತರವೂ 30 ದಿನ ಹಳೆಯ ಒಡೆಯರು ಹೆಚ್ಚುವರಿ ಶುಲ್ಕ ತೆತ್ತು ಮರಳಿ ಪಡೆಯಲು ಅವಕಾಶವಿದೆ. ಆನಂತರ 5 ದಿನ ಕಳೆದ ಮೇಲೆ ಹೆಸರು ಎಲ್ಲರಿಗೂ ಮುಕ್ತ. ಎಷ್ಟೋ ಹೆಸರುಗಳು ಇದಕ್ಕೂ ಮೊದಲೇ ಹರಾಜಿಗೆ ಬರುತ್ತವೆ. ಆಗ ಹಳೆಯ ಒಡೆಯರು ಮರಳಿ ಬಂದರೆ ಏನಾಗುತ್ತದೆಂಬುದನ್ನು ಹರಾಜಿನ ನಿಯಮಗಳಲ್ಲಿ ಮೊದಲೇ ಓದಿಕೊಳ್ಳಬೇಕು.

ಪರಿಶೀಲಿಸುವ ಬಗೆ

ಮೊದಲನೆಯದು, ಹಳೆಯ ಪುಟಗಳು. ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 2001ರಲ್ಲಿ ಸಾರ್ವಜನಿಕರಿಗೆ ತೆರೆದ ವೇಬ್ಯಾಕ್ ಮಷಿನ್‌ನಲ್ಲಿ ವಿಳಾಸ ನಮೂದಿಸಿದರೆ ವರ್ಷವಾರು ಪ್ರತಿಗಳು ಕಾಣುತ್ತವೆ. ಮೊದಲ ವರ್ಷದ ಪುಟವನ್ನಷ್ಟೇ ನೋಡಿ ತೃಪ್ತರಾಗಬಾರದು. ಶಾಲೆಯ ತಾಣವೊಂದು ಇದ್ದಕ್ಕಿದ್ದಂತೆ ಪರಭಾಷೆಯ ಔಷಧ ಮಾರಾಟದ ಪುಟವಾಗಿದ್ದರೆ ಆ ಹೆಸರು ದುರುಪಯೋಗವಾಗಿದೆಯೆಂದೇ ಶಂಕಿಸಬೇಕು.

ಎರಡನೆಯದು, ನೋಂದಣಿಯ ದಿನಾಂಕ. ಹಳೆಯ ಹೂ ಈಸ್ ವ್ಯವಸ್ಥೆಯ ಸ್ಥಾನವನ್ನು ಡಾಟ್ ಕಾಮ್‌ನಂತಹ ಡೊಮೈನ್‌ಗಳಲ್ಲಿ 2025ರ ಜನವರಿಯಿಂದ ಆರ್‌ಡಿಎಪಿ ವಹಿಸಿಕೊಂಡಿದೆ. ಒಡೆಯರ ಹೆಸರು ಸಾಮಾನ್ಯವಾಗಿ ಕಾಣದಿದ್ದರೂ ದಿನಾಂಕಗಳು ಕಾಣುತ್ತವೆ. ಹೆಸರು ಪೂರ್ಣವಾಗಿ ರದ್ದಾಗಿ ಮತ್ತೆ ನೋಂದಣಿಯಾದರೆ ಆರಂಭದ ದಿನಾಂಕವೂ ಹೊಸದಾಗುತ್ತದೆ. ಹಳೆಯ ಪುಟಗಳು 2006ರವಾಗಿದ್ದು, ನೋಂದಣಿ 2022ರದ್ದೆಂದು ತೋರಿದರೆ ನಡುವೆ ಕೈ ಬದಲಾಗಿರುವ ಸಂಭವ ಹೆಚ್ಚು.

ಮೂರನೆಯದು, ಕಪ್ಪುಪಟ್ಟಿಗಳು. ಗೂಗಲ್‌ನ ಸೇಫ್ ಬ್ರೌಸಿಂಗ್ ಮತ್ತು ವೈರಸ್‌ಟೋಟಲ್‌ನಲ್ಲಿ ತಾಣದ ಸುರಕ್ಷತೆಯನ್ನೂ, ಸ್ಪ್ಯಾಮ್‌ಹೌಸ್‌ನಲ್ಲಿ ಇ-ಮೇಲ್ ಕಳಂಕವನ್ನೂ ನೋಡಬಹುದು. ಈ ಕೊನೆಯದನ್ನು ಕಡೆಗಣಿಸಿದರೆ ಅಂಗಡಿಯಿಂದ ಹೊರಡುವ ಬಿಲ್ಲುಗಳು ಗ್ರಾಹಕರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತವೆ. ಗೂಗಲ್ ವಿಧಿಸಿದ ದಂಡನಾ ಕ್ರಮದ ವಿವರ ಒಡೆತನ ಸಾಬೀತುಪಡಿಸಿದವರಿಗೆ ಮಾತ್ರ ಸರ್ಚ್ ಕನ್ಸೋಲ್‌ನಲ್ಲಿ ಕಾಣುತ್ತದೆ; ಮಾರುವವರಿಂದಲೇ ಅದನ್ನು ಕೇಳಿ ನೋಡುವುದು ಕ್ಷೇಮ. ಹಳೆಯ ಹೆಸರು ಕೊಂಡು, ಅದರ ಕೀರ್ತಿಯ ನೆರಳಿನಲ್ಲಿ ಹುಡುಕಾಟದಲ್ಲಿ ಮೇಲೇರಲು ನಿಸ್ಸಾರ ಪುಟಗಳನ್ನು ತುಂಬುವುದನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ನಿಷಿದ್ಧ ಕ್ರಮಗಳ ಪಟ್ಟಿಗೆ ಸೇರಿಸಿದೆ.

ಕಾನೂನಿನ ಎಚ್ಚರ

ಹೆಸರು ಖಾಲಿ ಬಿದ್ದಿದೆಯೆಂದ ಮಾತ್ರಕ್ಕೆ ಅದರ ಮೇಲೆ ಇತರರ ಹಕ್ಕಿಲ್ಲವೆಂದಲ್ಲ. ಸಿಫಿ ಎಂಬ ಹೆಸರನ್ನು ಬಳಸುತ್ತಿದ್ದ ಸತ್ಯಂ ಇನ್ಫೋವೇ, ಅದನ್ನೇ ಹೋಲುವ ಡೊಮೈನ್ ಹೊಂದಿದ್ದ ಸಿಫಿನೆಟ್ ಸೊಲ್ಯೂಷನ್ಸ್ ವಿರುದ್ಧ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ಮೊರೆ ಹೊಕ್ಕಿತ್ತು. ಅಲ್ಲಿ ದೊರೆತ ತಾತ್ಕಾಲಿಕ ತಡೆಯಾಜ್ಞೆಯನ್ನು ಹೈಕೋರ್ಟ್ ತೆರವುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಅದನ್ನು ಮರುಸ್ಥಾಪಿಸಿ, ಡೊಮೈನ್ ಹೆಸರಿಗೂ ವ್ಯಾಪಾರನಾಮದಂತೆಯೇ ರಕ್ಷಣೆ ಉಂಟೆಂದು ಸ್ಪಷ್ಟಪಡಿಸಿತು. ಡಾಟ್ ಇನ್ ಹೆಸರುಗಳ ವ್ಯಾಜ್ಯಕ್ಕೆ ಪ್ರತ್ಯೇಕ ಮಧ್ಯಸ್ಥಿಕೆಯ ನೀತಿಯೇ ಇದೆ. ಆದುದರಿಂದ ಟ್ರೇಡ್‌ಮಾರ್ಕ್ ನೋಂದಣಿಯ ತಾಣದಲ್ಲಿಯೂ ಹುಡುಕುವುದು ಒಳಿತು.

ಬಿಡುವವರಿಗೂ ಒಂದು ಮಾತು

ಹಳೆಯ ಹೆಸರಿಗೆ ಬರುವ ಇ-ಮೇಲ್‌ಗಳನ್ನು ಹೊಸ ಒಡೆಯರು ಪಡೆಯಬಲ್ಲರು. ಅವುಗಳಲ್ಲಿ ಪಾಸ್‌ವರ್ಡ್ ಬದಲಾಯಿಸುವ ಕೊಂಡಿಗಳೂ ಇರಬಹುದು. ಶಾಲೆ, ಸಹಕಾರ ಸಂಘಗಳು ತಾಣ ರೂಪಿಸಿದವರ ಹೆಸರಿನಲ್ಲಲ್ಲದೆ ಸಂಸ್ಥೆಯ ಹೆಸರಿನಲ್ಲಿಯೇ ನೋಂದಾಯಿಸಿ, ನವೀಕರಣದ ದಿನಾಂಕವನ್ನು ಲೆಕ್ಕಪುಸ್ತಕದಲ್ಲಿ ಬರೆದಿಡಬೇಕು. ಕೊಳ್ಳುವವರಿಗಾದರೋ, ಒಂದು ಪರೀಕ್ಷೆಯಲ್ಲಿ ಸಂದೇಹ ಮೂಡಿದರೂ ಹೊಸ ಹೆಸರೇ ಲೇಸು. ಊರಿನೊಡನೆ ತಾಲ್ಲೂಕಿನ ಹೆಸರನ್ನೂ ಜೋಡಿಸಿದರೆ ಯಾವ ಅರಸೀಕೆರೆ ಎಂಬ ಗೊಂದಲವೂ ಉಳಿಯದು.