ಅಡ್ರಿನಲಿನ್: ಹನಿ ಲೆಕ್ಕದ ಮದ್ದು

ಸಂಜೆ ಜೋಯಿಡಾದ ಕಾಡುದಾರಿಯಲ್ಲಿ ನಡೆದು ಬರುತ್ತಿದ್ದೀರಿ. ಪೊದೆಯ ಹಿಂದಿನಿಂದ ಕರಡಿಯೊಂದು ಎದ್ದು ನಿಂತರೆ? ಎದೆ ಡವಡವ ಹೊಡೆದುಕೊಳ್ಳುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಪುಟ್ಟ ಗ್ರಂಥಿಗಳು ರಕ್ತಕ್ಕೆ ಸುರಿಸುವ ಅಡ್ರಿನಲಿನ್ ಇದಕ್ಕೊಂದು ಮುಖ್ಯ ಕಾರಣ. ಎಪಿನೆಫ್ರಿನ್ ಎಂಬುದು ಇದರದೇ ಇನ್ನೊಂದು ಹೆಸರು. ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದನ್ನು 1901ರಲ್ಲಿ ಜಗತ್ತಿಗೆ ತಿಳಿಸಿದವರು ಜಪಾನಿನ ಜೋಕಿಚಿ ತಕಮಿನೆ.

ಇದೇ ವಸ್ತು ಶಸ್ತ್ರಚಿಕಿತ್ಸಕರ ಕೈಯಲ್ಲಿ ಮದ್ದು. ಲಿಗ್ನೊಕೇನ್ ಎಂಬ ಅರಿವಳಿಕೆಯ ಜೊತೆ ಅತ್ಯಲ್ಪ ಅಡ್ರಿನಲಿನ್ ಬೆರೆಸಿ ಚುಚ್ಚಿದರೆ ಆ ಜಾಗದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ರಕ್ತ ಸೋರುವುದು ಕಡಿಮೆಯಾಗುತ್ತದೆ. ಅರಿವಳಿಕೆಯೂ ಬೇಗ ಕೊಚ್ಚಿಹೋಗದೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಹಾಗಾದರೆ ಅಪಾಯವೆಲ್ಲಿ? ಪ್ರಮಾಣ ಮೀರಿದರೆ ಅಥವಾ ಮದ್ದು ನೇರವಾಗಿ ರಕ್ತನಾಳದೊಳಕ್ಕೆ ಹೋದರೆ ರಕ್ತದೊತ್ತಡ ಥಟ್ಟನೆ ಏರಬಹುದು, ನಾಡಿ ಓಡಬಹುದು. ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ದೊರೆಯುವುದು ಎರಡು ಬಡಿತಗಳ ನಡುವಣ ವಿಶ್ರಾಂತಿಯಲ್ಲಿ. ಬಡಿತ ಹೆಚ್ಚಿದಷ್ಟೂ ಆ ವಿಶ್ರಾಂತಿ ಮೊಟಕು. ದುಡಿಮೆ ಹೆಚ್ಚು, ಆಮ್ಲಜನಕ ಸಾಲದು. ಹೃದಯದ ಲಯ ತಪ್ಪಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಈಗ ಲೆಕ್ಕ ಮಾಡಿ. 1:1000 ದ್ರಾವಣದ ಒಂದು ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಅಡ್ರಿನಲಿನ್ ಇರುತ್ತದೆ. ಅರಿವಳಿಕೆಯೊಡನೆ ಬಳಸುವ 1:2,00,000 ದ್ರಾವಣದಲ್ಲಿ 5 ಮೈಕ್ರೋಗ್ರಾಂ ಮಾತ್ರ. ಎರಡೂ ತಿಳಿನೀರಿನಂತೆಯೇ ಕಾಣುತ್ತವೆ. ವ್ಯತ್ಯಾಸ 200 ಪಟ್ಟು! ಹಾಗೆಂದು 1:1000 ವಿಷವೇನಲ್ಲ. ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷ ಮೈಗೆ ಒಗ್ಗದೆ ಉಸಿರು ಕಟ್ಟಿದಾಗ, ಅದರದೇ ಅರ್ಧ ಮಿಲಿಲೀಟರನ್ನು ವಯಸ್ಕರ ತೊಡೆಯ ಸ್ನಾಯುವಿಗೆ ಚುಚ್ಚಿ ಜೀವ ಉಳಿಸುತ್ತಾರೆ. ಎಷ್ಟು, ಎಲ್ಲಿಗೆ ಎಂಬುದೇ ಮುಖ್ಯ. ಶೀಶೆಯ ಚೀಟಿಯನ್ನು ಗಟ್ಟಿಯಾಗಿ ಓದುವುದು, ಮದ್ದು ಒತ್ತುವ ಮೊದಲು ಸಿರಿಂಜಿನ ದಂಡವನ್ನು ಕೊಂಚ ಹಿಂದಕ್ಕೆಳೆದು ರಕ್ತ ಬರುವುದೇ ಎಂದು ನೋಡುವುದು ಈ ಕಾರಣಕ್ಕೇ.

ಇಲ್ಲಿ ನಿಮಗೂ ಒಂದು ಕೆಲಸವಿದೆ. ದಾಂಡೇಲಿ, ಹಳಿಯಾಳ, ಮುಂಡಗೋಡಗಳಿಂದ ಹುಬ್ಬಳ್ಳಿ ಧಾರವಾಡದ ಆಸ್ಪತ್ರೆಗಳಿಗೆ ಅಜ್ಜ ಅಜ್ಜಿಯರ ಜೊತೆ ಹೋಗುವವರು ಎಷ್ಟೋ ಸಲ ನೀವೇ. ಮನೆಮಾತು ಕೊಂಕಣಿಯೋ, ಮರಾಠಿಯೋ, ಟಿಬೆಟಿಯೋ ಆಗಿರುವ ಹಿರಿಯರ ಪರವಾಗಿ ವೈದ್ಯರಿಗೆ ಉತ್ತರ ಹೇಳುವವರೂ ನೀವೇ. ಅವರಿಗೆ ಹೃದಯದ ತೊಂದರೆ, ರಕ್ತದೊತ್ತಡ, ಥೈರಾಯ್ಡ್ ಇದ್ದರೆ ಮರೆಯದೆ ತಿಳಿಸಿ. ಪ್ರೊಪ್ರನೊಲಾಲ್‌ನಂಥ ಗುಳಿಗೆ ನುಂಗುವವರಲ್ಲಿ ಅಡ್ರಿನಲಿನ್‌ನಿಂದ ರಕ್ತದೊತ್ತಡ ಇನ್ನಷ್ಟು ಏರುವುದುಂಟು. ಗುಳಿಗೆಗಳನ್ನು ನೀವಾಗಿ ನಿಲ್ಲಿಸಬೇಡಿ. ಚೀಟಿ ಸಮೇತ ಒಯ್ದು ತೋರಿಸಿ. ಸರಿಯಾದ ಲೆಕ್ಕ ಹಾಕಲು ವೈದ್ಯರಿಗೆ ಬೇಕಾದ ಒಂದು ಅಂಕಿ ನಿಮ್ಮ ಕೈಯಲ್ಲೇ ಇರಬಹುದು.