ಕಸುಬಿನ ಗುರುಗಳು ತಯಾರಾಗುವುದೆಲ್ಲಿ?

ಬೈಲಹೊಂಗಲದ ಜಿನ್ನಿಂಗ್ ಗಿರಣಿಗಳಿಗೆ ಫಿಟ್ಟರ್ ಬೇಕು. ರಾಮದುರ್ಗದ ವಿದ್ಯುತ್ ಮಗ್ಗಗಳಿಗೆ ಮೋಟಾರು ಬಲ್ಲ ಎಲೆಕ್ಟ್ರಿಷಿಯನ್ ಬೇಕು. ಸವದತ್ತಿ, ಕಿತ್ತೂರು ಭಾಗದಲ್ಲಿ ಕೂರಿಗೆ, ಕುಂಟೆ, ಟ್ರೇಲರ್‌ಗಳನ್ನು ಕಟ್ಟುವ ಕಾರ್ಯಾಗಾರಗಳಿಗೆ ನುರಿತ ವೆಲ್ಡರ್ ಬೇಕು. ಐಟಿಐ ಪ್ರಮಾಣಪತ್ರವಿದ್ದರೂ ಹುಡುಗರ ಕೈ ಪಳಗಿರುವುದಿಲ್ಲವೆಂಬುದು ನಮ್ಮ ಉದ್ಯಮಿಗಳ ಸಾಮಾನ್ಯ ದೂರು. ಆದರೆ ಆ ಹುಡುಗರಿಗೆ ಕಲಿಸಿದವರು ಕಲಿಸುವುದನ್ನು ಎಲ್ಲಿ ಕಲಿತರು ಎಂದು ನಾವು ವಿಚಾರಿಸುವುದು ವಿರಳ.

ಸ್ವಾತಂತ್ರ್ಯಾನಂತರದ ಆಡಳಿತಗಾರರಿಗೆ ಈ ವಿಚಾರ ಹೊಳೆದಿತ್ತು. ಐಟಿಐ ವ್ಯವಸ್ಥೆಗೆ ಮೂಲವಾದ ಕುಶಲಕರ್ಮಿ ತರಬೇತಿ ಯೋಜನೆ ಜಾರಿಗೆ ಬಂದದ್ದು 1950ರಲ್ಲಿ. ಬಿಲಾಸಪುರದ ಬಳಿಯ ಕೋನಿಯಲ್ಲಿ ಬೋಧಕರ ತರಬೇತಿ ಕೇಂದ್ರ ಆರಂಭವಾದದ್ದು 1948ರಲ್ಲಿ. ಶಿಷ್ಯರ ಶಾಲೆಗಿಂತ ಮೊದಲು ಗುರುಗಳ ಶಾಲೆ! ಈ ಅನುಕ್ರಮವನ್ನು ನಾವು ಮುಂದೆ ಮರೆತೆವೆಂದೇ ಹೇಳಬೇಕು.

ಕರ್ನಾಟಕದಲ್ಲಿ ಈ ದಿಸೆಯ ಮಹತ್ವದ ಪ್ರಯೋಗ ನಡೆದದ್ದು ಮೈಸೂರಿನಲ್ಲಿ. ಪ್ರೌಢಶಾಲೆಗಳಲ್ಲಿ ತಾಂತ್ರಿಕ, ವಾಣಿಜ್ಯ, ಕೃಷಿ ವಿಷಯಗಳನ್ನೂ ಕಲಿಸುವ ಬಹೂದ್ದೇಶ ಶಾಲೆಗಳು ಬೇಕೆಂದು 1952–53ರ ಮೊದಲಿಯಾರ್ ಆಯೋಗವು ಶಿಫಾರಸು ಮಾಡಿತ್ತು. ಅವುಗಳಿಗೆ ಶಿಕ್ಷಕರನ್ನು ಸಿದ್ಧಪಡಿಸಲು 1963ರಲ್ಲಿ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ನೆರವಿನೊಡನೆ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ ಸ್ಥಾಪಿತವಾಯಿತು. ತಂತ್ರಜ್ಞಾನ ಹಾಗೂ ಬೋಧನೆಯನ್ನು ಜೊತೆಯಾಗಿ ಕಲಿಸುವ ನಾಲ್ಕು ವರ್ಷಗಳ ಪದವಿ ಅಲ್ಲಿತ್ತು. ಬಹೂದ್ದೇಶ ಶಾಲೆಗಳು ನೆಲೆಗೊಳ್ಳಲಿಲ್ಲ. ಅವುಗಳೊಡನೆ ಆ ಪದವಿಯೂ ನಿಂತುಹೋಯಿತು. ಮಹಾವಿದ್ಯಾಲಯವು ಇಂದಿಗೂ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂಬ ಹೆಸರಿನಲ್ಲಿ ಸಾಮಾನ್ಯ ಶಿಕ್ಷಕರನ್ನು ತಯಾರಿಸುತ್ತಿದೆ. ಅದಕ್ಕೂ ಒಂದು ವರ್ಷ ಮೊದಲು, 1962ರಲ್ಲಿ, ವಿಯೆಟ್ನಾಮಿನ ಸೈಗಾನ್ ನಗರದಲ್ಲಿ ತಾಂತ್ರಿಕ ಶಿಕ್ಷಕರಿಗಾಗಿಯೇ ತೆರೆದ ಚಿಕ್ಕ ಸಂಸ್ಥೆಯೊಂದು ಯುದ್ಧವನ್ನೂ ಆಡಳಿತ ಬದಲಾವಣೆಯನ್ನೂ ದಾಟಿ ದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆಯಿತೆಂಬುದನ್ನು ನೆನೆದಾಗ ನಮ್ಮ ನಷ್ಟದ ಅರಿವಾಗುತ್ತದೆ.

ಪಾಲಿಟೆಕ್ನಿಕ್ ಉಪನ್ಯಾಸಕರಿಗಾಗಿ 1964ರಲ್ಲಿ ಮದ್ರಾಸಿನಲ್ಲಿ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಬೆಂಗಳೂರಿನಲ್ಲಿ ಅದರ ವಿಸ್ತರಣಾ ಕೇಂದ್ರವಿದೆ. ನಮ್ಮ ವಾಚಕರಿಗೆ ಹೆಚ್ಚು ಹತ್ತಿರವಾದದ್ದು 1971ರಲ್ಲಿ ಜರ್ಮನಿಯ ಸಹಕಾರದಿಂದ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಆರಂಭವಾದ ಫೋರ್‌ಮನ್ ತರಬೇತಿ ಸಂಸ್ಥೆ. ಜರ್ಮನಿಯಲ್ಲಿ ಕರಕುಶಲ ವೃತ್ತಿಯ 'ಮೈಸ್ಟರ್' ಪರೀಕ್ಷೆಗೆ ನಾಲ್ಕು ಭಾಗಗಳಿದ್ದು, ಅವುಗಳಲ್ಲೊಂದು ಕಲಿಸುವ ಸಾಮರ್ಥ್ಯದ ಪರೀಕ್ಷೆಯಾಗಿದೆ. ಕೆಲಸ ಬಂದರೆ ಸಾಲದು, ಕಲಿಸಲೂ ಬರಬೇಕೆಂಬುದು ಆ ನಾಡಿನ ನಿಲುವು. ಬೆಂಗಳೂರಿನ ಸಂಸ್ಥೆ ಈಗ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಎಂಬ ಹೆಸರಿನಲ್ಲಿ ಐಟಿಐ ಬೋಧಕರಿಗೆ ಒಂದು ವರ್ಷದ ಶಿಕ್ಷಣ ನೀಡುತ್ತಿದೆ.

ಆ ಒಂದು ವರ್ಷದಲ್ಲಿ ಕಲಿಯುವುದೇನು? ವೆಲ್ಡಿಂಗ್ ಕೆಲಸವನ್ನೇ ತೆಗೆದುಕೊಳ್ಳೋಣ. ಅನುಭವಿ ಮಿಸ್ತ್ರಿ ಆರ್ಕಿನ ಸಪ್ಪಳ ಕೇಳಿಯೇ ಕೈ ತಿದ್ದಿಕೊಳ್ಳುತ್ತಾನೆ. ಆದರೆ ಶಿಷ್ಯನಿಗೆ 'ನೋಡಿ ಕಲಿ' ಎನ್ನುವುದಲ್ಲದೆ ಬೇರೇನನ್ನೂ ಹೇಳಲಾರ. ಎಷ್ಟೋ ರಾಡುಗಳು, ಎಷ್ಟೋ ತಿಂಗಳುಗಳು ಹಾಳಾಗುತ್ತವೆ. ತರಬೇತಾದ ಬೋಧಕ ಅದೇ ಕೆಲಸವನ್ನು ಬಿಡಿಸಿಡುತ್ತಾನೆ: ರಾಡಿನ ಓರೆ, ತುದಿಗೂ ಲೋಹಕ್ಕೂ ನಡುವೆ ಹೆಚ್ಚುಕಡಿಮೆ ರಾಡಿನ ದಪ್ಪದಷ್ಟೇ ಅಂತರ, ಕೈ ಸಾಗುವ ವೇಗ, ಕರೆಂಟಿನ ಪ್ರಮಾಣ. ಮೊದಲು ತಾನು ನಿಧಾನವಾಗಿ ಮಾಡಿ ತೋರಿಸಿ, ಶಿಷ್ಯನಿಂದ ಮಾಡಿಸಿ, ಬೆಸುಗೆ ಕೆಟ್ಟರೆ ಇವುಗಳಲ್ಲಿ ಯಾವುದು ತಪ್ಪಿತೆಂದು ಅವನ ಬಾಯಿಂದಲೇ ಹೇಳಿಸುತ್ತಾನೆ. ನಕ್ಷೆ ಓದುವುದು, ಕಾರ್ಯಾಗಾರದ ಲೆಕ್ಕ, ಸುರಕ್ಷತೆಗಳೂ ಪಠ್ಯದಲ್ಲಿವೆ; ಆದರೆ ಈ ಬಿಡಿಸಿಡುವ ವಿದ್ಯೆಯೇ ಅದರ ಜೀವಾಳ.

ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 2021–22ರ ಅವಧಿಯಲ್ಲಿ ರಾಜ್ಯದ 150 ಸರಕಾರಿ ಐಟಿಐಗಳನ್ನು ಸುಮಾರು 4,600 ಕೋಟಿ ರೂಪಾಯಿಗಳ ಯೋಜನೆಯಡಿ ಮೇಲ್ದರ್ಜೆಗೇರಿಸಲಾಯಿತು. ಸ್ವಾಗತಾರ್ಹವೇ ಸರಿ. ಆದರೆ ಗಣಕನಿಯಂತ್ರಿತ ಲೇತನ್ನು ಒಂದೇ ದಿನದಲ್ಲಿ ಇಳಿಸಿ ಕೂಡ್ರಿಸಬಹುದು. ಅದನ್ನು ಕಲಿಸಬಲ್ಲವನು ತಯಾರಾಗಲು ವರುಷಗಳು ಬೇಕು. ಇದಕ್ಕೂ ಹಿಂದೆ, 2007–08ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ದೇಶದ 1,396 ಐಟಿಐಗಳಿಗೆ ತಲಾ 2.5 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ದೊರೆತು, ಉದ್ಯಮಿಗಳೇ ಅಧ್ಯಕ್ಷರಾದ ಆಡಳಿತ ಸಮಿತಿಗಳು ರಚನೆಯಾದವು. ಅಂತಹ ಸಮಿತಿಗಳಲ್ಲಿ ಕುಳಿತ ನಮ್ಮವರು ಕಟ್ಟಡ, ಯಂತ್ರಗಳ ಬಿಲ್ಲುಗಳನ್ನು ನೋಡುವಷ್ಟೇ ಆಸ್ಥೆಯಿಂದ ಬೋಧಕರ ಅರ್ಹತೆಯನ್ನೂ ನೋಡಬೇಕು. ಬೋಧಕರನ್ನು ವರುಷಕ್ಕೆ ಒಂದೆರಡು ವಾರ ನಮ್ಮ ಗಿರಣಿ, ಕಾರ್ಯಾಗಾರಗಳಿಗೆ ಬರಮಾಡಿಕೊಳ್ಳಲು ಹೆಚ್ಚಿನ ಖರ್ಚೂ ಇಲ್ಲ.

ಬೋಧಕರ ಶಿಕ್ಷಣಕ್ಕೆ ಎಂಜಿನಿಯರಿಂಗ್ ಪದವಿಯೇ ಬೇಕೆಂದಿಲ್ಲವೆಂಬುದನ್ನೂ ಇಲ್ಲಿ ತಿಳಿಸಬೇಕು. ಸಂಬಂಧಿಸಿದ ವೃತ್ತಿಯಲ್ಲಿ ಐಟಿಐ ಅಥವಾ ಅಪ್ರೆಂಟಿಸ್ ರಾಷ್ಟ್ರೀಯ ಪ್ರಮಾಣಪತ್ರವುಳ್ಳವರೂ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬಹುದು. ಮಹಿಳೆಯರಿಗಾಗಿ ಬೆಂಗಳೂರಿನಲ್ಲಿ ಪ್ರತ್ಯೇಕ ಸಂಸ್ಥೆಯಿದೆ. ಕಿತ್ತೂರಿನಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ದೂರ. ಒಂದು ವರ್ಷದ ಊಟ–ವಸತಿಯ ಚಿಂತೆಯೇ ನಮ್ಮ ಭಾಗದ ಹುಡುಗರನ್ನು ತಡೆಯುವಂತಹುದು. ನಾಲ್ಕು ತಾಲ್ಲೂಕುಗಳ ವರ್ತಕರು ಕೂಡಿ ವರುಷಕ್ಕೆ ಇಬ್ಬರ ವೆಚ್ಚ ವಹಿಸಿಕೊಂಡರೂ, ಮರಳಿ ಬಂದು ಇಲ್ಲಿಯೇ ಕಲಿಸುವ ಕರಾರಿನೊಡನೆ, ಐದು ವರುಷಗಳಲ್ಲಿ ಹತ್ತು ಬೋಧಕರಾಗುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಪ್ರತಿ ತಂಡಕ್ಕೆ ಇಪ್ಪತ್ತು ಹುಡುಗರು.