ಮೇಲಿನ ಬಾಣ ಒತ್ತಿದರೆ ಸ್ಕ್ರೀನ್‌ಶಾಟ್

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಕೀಲಿಮಣೆಯ ವಿನ್ಯಾಸ ಬದಲಿಸುವುದು ಸುಲಭ, ಬದಲಿಸಿದ್ದು ಉಳಿಯುವುದು ಕಷ್ಟ. ಇವತ್ತು ಸರಿಯಾಗಿ ಹೊಂದಿಸಿಟ್ಟ ವಿನ್ಯಾಸ ನಾಳೆ ಯಂತ್ರ ಚಾಲೂ ಮಾಡುವಷ್ಟರಲ್ಲಿ ಮಾಯವಾಗಿ, ಆ ಜಾಗದಲ್ಲಿ ಅಮೆರಿಕನ್ ಇಂಗ್ಲಿಷ್ ಬಂದು ಕೂತಿರುತ್ತದೆ. ಕೆಲವೊಮ್ಮೆ ಅಷ್ಟು ಹೊತ್ತೂ ಬೇಡ, ಯುಎಸ್‌ಬಿ ವೈರು ಕಿತ್ತು ಮತ್ತೆ ಚುಚ್ಚಿದರೆ ಸಾಕು. ಯಂತ್ರ ಮರೆತುಬಿಟ್ಟಿತು ಎಂದು ಬಳಸುವವರು ಗೊಣಗುತ್ತಾರೆ. ನಿಜಕ್ಕೂ ಯಂತ್ರದೊಳಗೆ ಈ ವಿಷಯವನ್ನು ನೆನಪಿಟ್ಟುಕೊಳ್ಳುವವರು ನಾಲ್ಕೈದು ಮಂದಿ ಇದ್ದಾರೆ. ಪ್ರತಿಯೊಬ್ಬರ ನೆನಪೂ ಬೇರೆ, ಕೊನೆಯಲ್ಲಿ ಮಾತಾಡಿದವರದ್ದೇ ಗೆಲುವು.

ಮೊದಲು ಹೀಗಿರಲಿಲ್ಲ. 1984ರಲ್ಲಿ ಅಮೆರಿಕದ ಎಂಐಟಿಯ ಅಥೆನಾ ಯೋಜನೆಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಕ್ಸ್ ಕಿಟಕಿ ವ್ಯವಸ್ಥೆಯನ್ನು ಕಟ್ಟಿದರು. 1987ರಲ್ಲಿ ಬಂದ ಅದರ ಹನ್ನೊಂದನೆಯ ಆವೃತ್ತಿಯೇ ಮುಂದೆ ಲಿನಕ್ಸಿನ ಪರದೆಗಳಿಗೆಲ್ಲ ತಳಪಾಯವಾಯಿತು. ಅದರ ಪ್ರಕಾರ ಕೀಲಿಯೊಂದಕ್ಕೆ ಅಕ್ಷರವೆಂಬುದಿಲ್ಲ, ಇರುವುದು 8ರಿಂದ 255ರ ನಡುವಿನ ಒಂದು ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಚಿಹ್ನೆ ಎಂಬ ಪಟ್ಟಿ ಎಕ್ಸ್ ಸರ್ವರ್ ಎಂಬ ತಂತ್ರಾಂಶದ ಬಳಿ ಇರುತ್ತದೆ. ಪಟ್ಟಿಯಿರುವುದು ಸ್ಮೃತಿಯಲ್ಲಿ, ಡಿಸ್ಕಿನಲ್ಲಲ್ಲ. ಸರ್ವರ್ ನಿಂತಿತೆಂದರೆ ಪಟ್ಟಿಯೂ ಹೋಯಿತು. ಎಕ್ಸ್‌ಮಾಡ್‌ಮ್ಯಾಪ್ ಎಂಬ ಆದೇಶದಿಂದ ಪಟ್ಟಿ ತಿದ್ದುತ್ತಿದ್ದವರು ಆ ತಿದ್ದುಪಡಿಯನ್ನು ತಮ್ಮ ಆರಂಭದ ಫೈಲಿನಲ್ಲಿ ಬರೆದಿಟ್ಟುಕೊಂಡು, ಪ್ರತಿ ಸಲವೂ ಅದು ತಾನಾಗಿ ಓಡುವಂತೆ ಮಾಡಿಕೊಳ್ಳುತ್ತಿದ್ದರು.

1996ರ ಹೊತ್ತಿಗೆ ಎಕ್ಸ್‌ಕೆಬಿ ಎಂಬ ವಿಸ್ತರಣೆ ಸೇರಿಕೊಂಡಿತು. ಅದರ ನಿಯಮಾವಳಿ ಬರೆದವರು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಎರಿಕ್ ಫಾರ್ಚೂನ್. ಅಂದಿನಿಂದ ಕೀಲಿಮಣೆಯನ್ನು ಐದು ಹೆಸರುಗಳಲ್ಲಿ ಹೇಳುವುದು ರೂಢಿ: ನಿಯಮ, ಮಾದರಿ, ವಿನ್ಯಾಸ, ಉಪವಿನ್ಯಾಸ, ಆಯ್ಕೆಗಳು. ಒಟ್ಟಿಗೆ ನಾಲ್ಕು ವಿನ್ಯಾಸಗಳ ತನಕ ಇಟ್ಟುಕೊಳ್ಳಬಹುದು. ಸೆಟ್‌ಎಕ್ಸ್‌ಕೆಬಿಮ್ಯಾಪ್ ಎಂಬ ಆದೇಶ ಈ ಹೆಸರುಗಳನ್ನು ಓದಿ, ಅವಕ್ಕೆ ತಕ್ಕ ಪೂರ್ತಿ ಪಟ್ಟಿಯನ್ನು ಸರ್ವರ್ ತಯಾರಿಸಿಕೊಳ್ಳುವಂತೆ ಮಾಡುತ್ತದೆ. ಡಿಸ್ಕಿನಲ್ಲಿ ಏನನ್ನೂ ಬರೆಯುವುದಿಲ್ಲ. ಸೆಟ್ಟಿಂಗ್ ಉಳಿಯುತ್ತಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ. ಆ ಆದೇಶ ಉಳಿಸುತ್ತೇನೆಂದು ಯಾವತ್ತೂ ಮಾತು ಕೊಟ್ಟದ್ದಿಲ್ಲ.

ಉಳಿಸುವ ಜಾಗ ಬೇರೆ ಇತ್ತು. ಪರದೆ, ಮೌಸ್, ಕೀಲಿಮಣೆ ಎಲ್ಲದರ ವಿವರ ಬರೆದಿಡುವ ಒಂದೇ ಒಂದು ಪಠ್ಯಫೈಲು. ಎಕ್ಸ್‌ಫ್ರೀ86 ಎಂಬ ಎಕ್ಸ್ ಸರ್ವರಿನ ಕಾಲದಲ್ಲಿ ಅದಕ್ಕೆ ಒಂದು ಹೆಸರು. ಪರವಾನಗಿಯ ಜಗಳದಿಂದ 2004ರಲ್ಲಿ ಎಕ್ಸ್.ಆರ್ಗ್ ಅದರಿಂದ ಬೇರೆಯಾದ ಮೇಲೆ ಅದೇ ಫೈಲು ಎಕ್ಸ್‌ಆರ್ಗ್.ಕಾನ್ಫ್ ಆಯಿತು. ಅದನ್ನು ತಿದ್ದುವಾಗ ಒಂದು ಉದ್ಧರಣ ಚಿಹ್ನೆ ತಪ್ಪಿದರೂ ಪರದೆ ಕಪ್ಪಾಗಿ ಬಿಡುತ್ತಿತ್ತು, ಅದರ ಬಗ್ಗೆ ಒಳ್ಳೆಯ ಮಾತಾಡಿದವರು ಕಡಿಮೆ. ಆದರೂ ಅದಕ್ಕೊಂದು ಗುಣವಿತ್ತು, ಹೋದಮೇಲಷ್ಟೇ ಅದರ ಬೆಲೆ ತಿಳಿದದ್ದು. ವಿನ್ಯಾಸ ಎಲ್ಲಿ ಬರೆದಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ ಇತ್ತು.

ಆ ಫೈಲಿಗೆ ಕುತ್ತು ಬಂದದ್ದು ಯುಎಸ್‌ಬಿಯಿಂದ. ಯಂತ್ರ ಓಡುತ್ತಿರುವಾಗಲೇ ಸಾಧನಗಳು ಬಂದು ಹೋಗಿ ಮಾಡತೊಡಗಿದ ಮೇಲೆ, ಇಂಥ ಕೀಲಿಮಣೆ ಇದೆ ಎಂದು ಮೊದಲೇ ಬರೆದಿಡುವುದಕ್ಕೆ ಅರ್ಥವಿರಲಿಲ್ಲ. ಹಾಗಾಗಿ 2008ರ ಸುಮಾರಿಗೆ ಎಕ್ಸ್ ಸರ್ವರ್ ತನ್ನ ಸಾಧನಗಳನ್ನು ಹ್ಯಾಲ್ ಎಂಬ ಇನ್ನೊಂದು ಸೇವೆಯಿಂದ ಕೇಳಿ ತಿಳಿಯತೊಡಗಿತು. ಹಳೆಯ ಕೆಬಿಡಿ ಚಾಲಕದ ಜಾಗಕ್ಕೆ ಎವ್‌ಡೆವ್ ಬಂತು. ಎಕ್ಸ್‌ಆರ್ಗ್.ಕಾನ್ಫ್‌ನಲ್ಲಿ ಕೀಲಿಮಣೆಯ ಬಗ್ಗೆ ಬರೆದದ್ದನ್ನು ಸರ್ವರ್ ಅಲ್ಲಿಂದ ಮುಂದೆ ಸುಮ್ಮನೆ ಪಕ್ಕಕ್ಕಿಟ್ಟಿತು. ಹಾಗೆ ಮಾಡಿದ್ದೇನೆ ಎಂಬ ಒಂದು ಸಾಲಿನ ಎಚ್ಚರಿಕೆ ಲಾಗ್ ಫೈಲಿನಲ್ಲಿರುತ್ತಿತ್ತು. ಲಾಗ್ ಫೈಲನ್ನು ದಿನಾ ಓದುವವರು ಯಾರು?

ಹೊಸ ಆವೃತ್ತಿಗೆ ಏರಿದ, ಗ್ನೋಮ್ ಎಂಬ ಡೆಸ್ಕ್‌ಟಾಪ್ ಬಳಸುವ ಅನೇಕರಿಗೆ ಆಗ ಒಂದು ವಿಚಿತ್ರ ಕಾದಿತ್ತು. ಮೇಲಿನ ಬಾಣದ ಕೀಲಿ ಒತ್ತಿದರೆ ಕರ್ಸರ್ ಮೇಲೆ ಹೋಗುವ ಬದಲು ಕಂಪ್ಯೂಟರ್ ಸ್ಕ್ರೀನ್‌ಶಾಟ್ ತೆಗೆದು, ಎಲ್ಲಿ ಉಳಿಸಲಿ ಎಂದು ಕೇಳುತ್ತಿತ್ತು. ಕೆಳಗಿನ ಬಾಣ ಬಲಗಡೆಯ ವಿಂಡೋಸ್ ಕೀಲಿಯಂತೆ, ಎಡಬಾಣ ಬಲಗಡೆಯ ಆಲ್ಟ್‌ನಂತೆ ವರ್ತಿಸಿದವು. ನಿಜವಾದ ಪ್ರಿಂಟ್‌ಸ್ಕ್ರೀನ್ ಕೀಲಿ ಒತ್ತಿದವರ ಮುಂದೆ ಅಕ್ಷರ ಅಳಿಸಿಹೋಯಿತು, ಅದು ಡಿಲೀಟ್ ಆಗಿತ್ತು. ಕೀಲಿಮಣೆ ಕೆಟ್ಟಿತೆಂದು ಹೊಸದು ತಂದವರಿಗೂ ಅದೇ ಕಥೆ.

ಕಾರಣ ಬರೀ ಲೆಕ್ಕದ್ದು. ಹಳೆಯ ಚಾಲಕ ಮೇಲಿನ ಬಾಣಕ್ಕೆ 98, ಪ್ರಿಂಟ್‌ಸ್ಕ್ರೀನ್‌ಗೆ 111 ಎನ್ನುತ್ತಿತ್ತು. ಎವ್‌ಡೆವ್ ಲಿನಕ್ಸ್ ಕರ್ನಲ್ಲಿನ ಸಂಖ್ಯೆಗೆ 8 ಕೂಡಿಸಿ ಕೊಡುತ್ತದೆ. ಕರ್ನಲ್ಲಿನಲ್ಲಿ ಮೇಲಿನ ಬಾಣ 103, ಎಂಟು ಸೇರಿ 111. ಪ್ರಿಂಟ್‌ಸ್ಕ್ರೀನ್ 99, ಎಂಟು ಸೇರಿ 107, ಹಳೆಯ ಪಟ್ಟಿಯಲ್ಲಿ ಡಿಲೀಟ್‌ನ ಸಂಖ್ಯೆ. ಸರ್ವರಿನ ಹೊಸ ಪಟ್ಟಿ ಇದನ್ನು ಸರಿಯಾಗಿಯೇ ಬಲ್ಲದು. ಗ್ನೋಮ್ ಮಾತ್ರ ಬಳಕೆದಾರರು ಹಿಂದೆಂದೋ ಆರಿಸಿದ್ದ ಕೀಲಿಮಣೆಯ ಮಾದರಿಯನ್ನು ತನ್ನ ಸ್ವಂತ ಕಣಜದಲ್ಲಿ ಜೋಪಾನವಾಗಿ ಇಟ್ಟುಕೊಂಡಿತ್ತು. ಲಾಗಿನ್ ಆದ ಕೂಡಲೇ ಅದನ್ನು ಹೊರತೆಗೆದು ಸರ್ವರಿನ ಮೇಲೆ ಹೇರಿತು, ಹಳೆಯ ಸಂಖ್ಯೆಗಳ ಸಮೇತ. ಸೆಟ್ಟಿಂಗ್ ಉಳಿಯುವುದಿಲ್ಲ ಎಂಬ ದೂರಿನ ಚರಿತ್ರೆಯಲ್ಲಿ ಎಲ್ಲರಿಗೂ ನೆನಪಿರುವ ಪ್ರಸಂಗ, ಸೆಟ್ಟಿಂಗ್ ಉಳಿಯಬಾರದ ಕಡೆ ಉಳಿದದ್ದರಿಂದ ಆದದ್ದು. ಪರಿಹಾರವಿದ್ದದ್ದು ಮಾದರಿಗಳ ಉದ್ದನೆಯ ಪಟ್ಟಿಯಲ್ಲಿ ಎವ್‌ಡೆವ್ ನಿರ್ವಹಿಸುವ ಕೀಲಿಮಣೆ ಎಂಬ ಸಾಲನ್ನು ಹುಡುಕಿ ಆರಿಸುವುದರಲ್ಲಿ. ಹುಡುಕಲು ಬಾಣದ ಕೀಲಿ ಬಳಸುವಂತಿರಲಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ಹಳೆಯ ಅಭ್ಯಾಸವೂ ಕೈತಪ್ಪಿತು. ಪರದೆ ಸ್ತಬ್ಧವಾದರೆ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿ ಸರ್ವರನ್ನು ಕೊಲ್ಲುವುದು ಲಿನಕ್ಸಿಗರ ಬ್ರಹ್ಮಾಸ್ತ್ರವಾಗಿತ್ತು. 2009ರ ಏಪ್ರಿಲ್‌ನ ಉಬುಂಟು 9.04 ಅದನ್ನು ನಿಲ್ಲಿಸಿತು. ಗೊತ್ತಿಲ್ಲದೆ ಒತ್ತಿದವರ ಕೆಲಸ ಹಾಳಾಗುತ್ತದೆ ಎಂಬುದು ವಾದ. ಮುಂದೆ ಅದು ಎಕ್ಸ್‌ಕೆಬಿಯ ಒಂದು ಆಯ್ಕೆಯಾಯಿತು, ಎಂದರೆ ಅದೂ ಉಳಿಯದ ಸೆಟ್ಟಿಂಗ್‌ಗಳ ಸಾಲಿಗೆ ಸೇರಿತು.

ಹ್ಯಾಲ್‌ನ ಕಾಲ ಬೇಗ ಮುಗಿಯಿತು. ಅದರಲ್ಲಿ ಕೀಲಿಮಣೆಯ ವಿನ್ಯಾಸ ಬರೆಯಬೇಕಾದರೆ ಎಕ್ಸ್‌ಎಂಎಲ್ ಬರೆಯಬೇಕಿತ್ತು, ಆ ಶಿಕ್ಷೆಯ ವಿವರ ಇಲ್ಲಿ ಬೇಡ. 2010ರ ಏಪ್ರಿಲ್‌ನಲ್ಲಿ ಬಂದ ಎಕ್ಸ್ ಸರ್ವರ್ 1.8 ಯುಡೆವ್ ಎಂಬ ಬೇರೆ ಸೇವೆಗೆ ಬದಲಾಯಿತು. ಒಂದು ಫೈಲಿನ ಬದಲು ಚೂರುಪಾರು ಫೈಲುಗಳ ಒಂದು ಫೋಲ್ಡರ್ ಬಂತು. ಇಂಥ ಜಾತಿಯ ಸಾಧನ ಯಾವುದೇ ಬರಲಿ, ಅದಕ್ಕೆ ಈ ವಿನ್ಯಾಸ ಎಂದು ಅಲ್ಲಿ ಬರೆಯಬಹುದು. ಒಳ್ಳೆಯ ವ್ಯವಸ್ಥೆಯೇ, ಆದರೆ ಡೆಸ್ಕ್‌ಟಾಪುಗಳು ಅಷ್ಟರಲ್ಲಿ ತಮ್ಮ ತಮ್ಮ ಕಣಜ ಕಟ್ಟಿಕೊಂಡಾಗಿತ್ತು.

ವೈರು ಕಿತ್ತರೆ ವಿನ್ಯಾಸ ಹೋಗುವುದಕ್ಕೆ ಮೂಲ ಇದಕ್ಕಿಂತ ಸ್ವಲ್ಪ ಹಿಂದಿದೆ. ಪೀಟರ್ ಹಟರರ್ ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ, ಒಂದೇ ಪರದೆಯ ಮೇಲೆ ಹಲವರು ಹಲವು ಮೌಸ್, ಕೀಲಿಮಣೆಗಳಿಂದ ಕೆಲಸ ಮಾಡುವ ಎಂಪಿಎಕ್ಸ್ ಅನ್ನು ರೂಪಿಸಿದರು. 2009ರಲ್ಲಿ ಅದು ಎಕ್ಸ್ ಸರ್ವರ್ 1.7ರೊಳಗೆ ಸೇರಿತು. ಅದರಂತೆ ನಿಜವಾದ ಪ್ರತಿ ಕೀಲಿಮಣೆಗೂ ತನ್ನದೇ ಪಟ್ಟಿ. ಅವುಗಳ ಮೇಲೊಂದು ಯಜಮಾನ ಕೀಲಿಮಣೆ, ಅದು ಕಲ್ಪನೆಯದು. ಯಾವ ಕೀಲಿಮಣೆಯಲ್ಲಿ ಕೊನೆಗೆ ಬೆರಳಾಡಿತೋ ಅದರ ಪಟ್ಟಿಯನ್ನು ಯಜಮಾನ ತನ್ನದಾಗಿಸಿಕೊಳ್ಳುತ್ತದೆ. ಕಿತ್ತು ಚುಚ್ಚಿದ ಕೀಲಿಮಣೆ ಸರ್ವರಿನ ಕಣ್ಣಿಗೆ ಹೊಸ ಸಾಧನ, ಫೋಲ್ಡರಿನಲ್ಲಿರುವ ಮೂಲ ವಿನ್ಯಾಸದೊಂದಿಗೆ ಬರುತ್ತದೆ. ಅದರ ಮೊದಲ ಕೀಲಿ ಒತ್ತಿದೊಡನೆ ಸೆಟ್‌ಎಕ್ಸ್‌ಕೆಬಿಮ್ಯಾಪ್ ಕೊಟ್ಟದ್ದೆಲ್ಲ ಮಂಗಮಾಯ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗಲೂ ಸಾಧನಗಳನ್ನು ಮತ್ತೆ ಎಣಿಸುವುದುಂಟು, ಆಗಲೂ ಇದೇ ಪಾಡು.

ಇದರ ಮೇಲೆ ಮನೆತುಂಬ ಮಾಲೀಕರು. ಡೆಬಿಯನ್ ಮತ್ತು ಉಬುಂಟು ತಮ್ಮ ಇಟಿಸಿ ಫೋಲ್ಡರಿನೊಳಗಿನ ಒಂದು ಚಿಕ್ಕ ಫೈಲಿನಲ್ಲಿ ವಿನ್ಯಾಸ ಬರೆದಿಡುತ್ತವೆ. ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕ ತಂತ್ರಾಂಶದ ಲೋಕಲ್‌ಸಿಟಿಎಲ್ ಆದೇಶ ಕನ್ಸೋಲಿಗೆ ಒಂದು, ಎಕ್ಸ್‌ಗೆ ಒಂದು ಎಂದು ಎರಡು ಕಡೆ ಬರೆಯುತ್ತದೆ. ಗ್ನೋಮ್ ತನ್ನದನ್ನು ಡಿಕಾನ್ಫ್ ಎಂಬ ಕಣಜದಲ್ಲಿಟ್ಟರೆ, ಕೆಡಿಇಗೆ ತನ್ನದೇ ಫೈಲು, ಎಕ್ಸ್‌ಎಫ್‌ಸಿಇಗೆ ಇನ್ನೊಂದು. ಲಾಗಿನ್ ಪರದೆ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುವುದರಿಂದ ಅದಕ್ಕೆ ಮನೆಯೊಡೆಯರ ಆಯ್ಕೆ ಗೊತ್ತಿರುವುದಿಲ್ಲ. ಪಾಸ್‌ವರ್ಡ್ ತಪ್ಪು ಎಂದು ಅದು ಹಠ ಹಿಡಿದಾಗ ಎಷ್ಟೋ ಸಲ ತಪ್ಪಿರುವುದು ವಿನ್ಯಾಸವೇ.

ಕನ್ನಡದಲ್ಲಿ ಬರೆಯುವವರಿಗೆ ತೊಡಕು ಇನ್ನೊಂದು ಸುತ್ತು ಹೆಚ್ಚು. ಎಕ್ಸ್‌ಕೆಬಿಯ ಭಾರತ ಫೈಲಿನಲ್ಲಿ ಕನ್ನಡವೂ ಇದೆ, ಕಗಪ ಹೆಸರಿನ ಉಪವಿನ್ಯಾಸವೂ ಇದೆ. ಆದರೆ ಎಕ್ಸ್‌ಕೆಬಿಗೆ ಒಂದು ಕೀಲಿ, ಒಂದು ಚಿಹ್ನೆ, ಅಷ್ಟೇ. ಹಿಂದಿನ ಅಕ್ಷರ ಯಾವುದೆಂದು ಅದು ನೋಡುವುದಿಲ್ಲ. ಕೆ.ಪಿ. ರಾವ್ ರೂಪಿಸಿದ ಜಾಡಿನಲ್ಲಿ ಬಂದು, ನುಡಿ ತಂತ್ರಾಂಶದಿಂದ ಕಚೇರಿಗಳಿಗೆಲ್ಲ ಪರಿಚಿತವಾದ ವಿನ್ಯಾಸದಲ್ಲಿ ಒಂದೇ ಕೀಲಿ ಪದದ ಮೊದಲಿಗೆ ಸ್ವರ, ವ್ಯಂಜನದ ಮುಂದೆ ಕಾಗುಣಿತದ ಚಿಹ್ನೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ‘ಕನ್ನಡ’ ಎಂದು ಬರೆದು ರೂಢಿಯಾದ ಬೆರಳುಗಳಿಗೆ ಎಕ್ಸ್‌ಕೆಬಿ ಸಾಲದು. ಅದಕ್ಕೆ ಐಬಸ್ ಎಂಬ ಮಧ್ಯವರ್ತಿ, ಅದರೊಳಗೆ ಎಂ17ಎನ್ ಎಂಜಿನ್ ಬೇಕು. 2012ರ ಗ್ನೋಮ್ 3.6ರಿಂದ ಐಬಸ್ ಡೆಸ್ಕ್‌ಟಾಪಿನ ಭಾಗವೇ ಆಯಿತು. ಐಬಸ್‌ನ ಪ್ರತಿ ಎಂಜಿನ್ನಿಗೂ ತನ್ನ ಕೆಳಗೆ ಯಾವ ವಿನ್ಯಾಸ ಇರಬೇಕೆಂಬ ಅಭಿಪ್ರಾಯವಿರುತ್ತದೆ. ಹಾಗಾಗಿ ಕನ್ನಡಕ್ಕೆ ಹೋಗಿ ಇಂಗ್ಲಿಷಿಗೆ ಮರಳುವಷ್ಟರಲ್ಲಿ, ಕ್ಯಾಪ್ಸ್‌ಲಾಕನ್ನು ಕಂಟ್ರೋಲ್ ಮಾಡಿಕೊಂಡಂಥ ಸಣ್ಣ ಏರ್ಪಾಡುಗಳು ಸದ್ದಿಲ್ಲದೆ ಅಳಿಸಿಹೋಗಬಹುದು.

2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಎಕ್ಸ್‌ಗೆ ಬದಲಿಯಾಗಿ ಆರಂಭಿಸಿದ ವೇಲ್ಯಾಂಡ್ ಈ ಮಾಲೀಕರ ಜಗಳದ ನಡುವೆಯೇ ಬೆಳೆಯಿತು. 2016ರ ನವೆಂಬರಿನ ಫೆಡೋರಾ 25ರಲ್ಲಿ ಅದು ಗ್ನೋಮ್‌ನ ಮೊದಲ ಆಯ್ಕೆಯಾಯಿತು. ಅಲ್ಲಿ ಪ್ರತ್ಯೇಕ ಸರ್ವರ್ ಇಲ್ಲ. ಕಿಟಕಿಗಳನ್ನು ಜೋಡಿಸುವ ಕಂಪೋಸಿಟರೇ ಕೀಲಿಪಟ್ಟಿಯ ಒಡೆಯ, ಪ್ರತಿ ತಂತ್ರಾಂಶಕ್ಕೂ ಪಟ್ಟಿಯನ್ನು ಅದೇ ಹಂಚುತ್ತದೆ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಅಲ್ಲಿ ವೇಲ್ಯಾಂಡಿನ ತಂತ್ರಾಂಶಗಳನ್ನು ಮುಟ್ಟಲಾರದು. ಹಳೆಯ ಆರಂಭದ ಫೈಲುಗಳಲ್ಲಿ ಆ ಆದೇಶ ಬರೆದಿಟ್ಟವರ ಸೆಟ್ಟಿಂಗ್ ಈಗ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಗ್ನೋಮ್‌ನಲ್ಲಾದರೆ ಗ್ನೋಮ್‌ನ ಸೆಟ್ಟಿಂಗ್ಸ್ ಕಿಟಕಿಯಲ್ಲೇ, ಕೆಡಿಇಯ ಪ್ಲಾಸ್ಮಾದಲ್ಲಾದರೆ ಪ್ಲಾಸ್ಮಾದ್ದರಲ್ಲೇ ಆರಿಸಬೇಕು. 2019ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಸ್ವೇ ಎಂಬ ಪುಟ್ಟ ಕಂಪೋಸಿಟರಿನಲ್ಲಿ ಮಾತ್ರ ಇದಕ್ಕೆ ಕಿಟಕಿಯೇ ಇಲ್ಲ. ಅಲ್ಲಿ ಇರುವುದು ಒಂದು ಪಠ್ಯಫೈಲು, ಅದರಲ್ಲಿ ಕೀಲಿಮಣೆಗೆ ಒಂದು ಸಾಲು. ಆ ಸಾಲು ಬರೆದಲ್ಲೇ ಇರುತ್ತದೆ, ಬಳಸುವವರು ಸ್ವೇ ಬಿಟ್ಟು ಬೇರೆ ಡೆಸ್ಕ್‌ಟಾಪಿಗೆ ಹೋಗುವ ತನಕ.